ತಮ್ಮನ ಹೆಸರಲ್ಲಿ ಅಕ್ಕನ ಹಾಡು

1842ರ ಜುಲೈ ತಿಂಗಳು. ಲಂಡನ್ನಿನ ಬಕಿಂಗ್‌ಹ್ಯಾಮ್ ಅರಮನೆಯ ಒಂದು ಕೋಣೆ. ವಿಕ್ಟೋರಿಯಾ ರಾಣಿಗೆ ಆಗ 23 ವರ್ಷ. ಅವಳನ್ನು ನೋಡಲು ಬಂದವನು ಜರ್ಮನಿಯ ಕಂಪೋಸರ್, ಅಂದರೆ ಸಂಗೀತ ರಚನೆಕಾರ, ಫೆಲಿಕ್ಸ್ ಮೆಂಡೆಲ್ಸನ್. ವಯಸ್ಸು 33, ಅಷ್ಟರಲ್ಲೇ ಯುರೋಪಿನಲ್ಲೆಲ್ಲ ದೊಡ್ಡ ಹೆಸರು. ಕಿಟಕಿಯಿಂದ ಗಾಳಿ ನುಗ್ಗಿ ಸಂಗೀತದ ಹಾಳೆಗಳೆಲ್ಲ ಕೋಣೆ ತುಂಬಾ ಚೆಲ್ಲಾಡಿದ್ದವು. ಒಳಗೆ ಬಂದ ರಾಣಿ ನೆಲದ ಮೇಲೆ ಮಂಡಿಯೂರಿ ಅವನ್ನು ಆರಿಸತೊಡಗಿದಳು. ಗಂಡ ಆಲ್ಬರ್ಟ್ ಕೂಡ ಕೈಜೋಡಿಸಿದ. ಫೆಲಿಕ್ಸ್ ಸುಮ್ಮನೆ ನಿಂತಿರಲು ಸಾಧ್ಯವೇ, ಅವನೂ ಬಗ್ಗಿದ. ಆಮೇಲೆ ರಾಣಿ ಹಾಡಬೇಕು ಅಂತಾಯಿತು. ಅಲ್ಲೊಂದು ಗಿಳಿ ಇತ್ತು. ಅದು ತನಗಿಂತ ಜೋರಾಗಿ ಕಿರುಚುತ್ತದೆ, ಮೊದಲು ಅದನ್ನು ಆಚೆ ಕಳಿಸಬೇಕು ಅಂದಳು ರಾಣಿ. ಪಂಜರ ಎತ್ತಿಕೊಂಡು ಹೋದವನು ಫೆಲಿಕ್ಸೇ.

ಗಿಳಿ ಹೊರಗೆ ಹೋಯಿತು. ರಾಣಿ ಫೆಲಿಕ್ಸನ ಮೊದಲ ಹಾಡುಗಳ ಪುಸ್ತಕ ತೆಗೆದು, ತನಗೆ ಇಷ್ಟವಾದ ಒಂದನ್ನು ಆರಿಸಿ ಹಾಡಿದಳು. ಹಾಡಿನ ಹೆಸರು 'ಇಟಾಲಿಯೆನ್', ಅಂದರೆ ಇಟಲಿ. ಚೆನ್ನಾಗಿಯೇ ಹಾಡಿದಳಂತೆ. ಒಂದು ಜಾಗದಲ್ಲಿ ಮಾತ್ರ ಸ್ವರ ಅರ್ಧ ಮೆಟ್ಟಿಲು ಆಚೀಚೆ ಆಯಿತು, ಕೊನೆಯ ಉದ್ದನೆಯ ಸ್ವರ ಬಹಳ ಸೊಗಸಾಗಿತ್ತು. ಇದನ್ನೆಲ್ಲ ಫೆಲಿಕ್ಸ್ ತನ್ನ ಅಮ್ಮನಿಗೆ ಪತ್ರದಲ್ಲಿ ವಿವರವಾಗಿ ಬರೆದಿದ್ದಾನೆ. ಹಾಡು ಮುಗಿದ ಮೇಲೆ ಅವನು ಒಂದು ಮಾತು ಒಪ್ಪಿಕೊಳ್ಳಬೇಕಾಯಿತು. ಈ ಹಾಡು ನನ್ನದಲ್ಲ, ನನ್ನ ಅಕ್ಕ ಫ್ಯಾನಿಯದು ಅಂತ. ಹಾಗೆ ಹೇಳೋದು ತನಗೆ ತುಂಬಾ ಕಷ್ಟವಾಯಿತು ಅಂತಲೂ ಅದೇ ಪತ್ರದಲ್ಲಿದೆ.

ಇವತ್ತು ನಾನು ಮಾತಾಡೋದು ಆ ಅಕ್ಕನ ಬಗ್ಗೆ.

ನಮಗೆ ಅಂಕಿತ ಅನ್ನೋದು ಚೆನ್ನಾಗಿ ಗೊತ್ತು, ಅಲ್ವಾ? ವಚನದ ಕೊನೆಗೆ ಚೆನ್ನಮಲ್ಲಿಕಾರ್ಜುನ ಅಂತ ಬಂದರೆ ಇದು ಅಕ್ಕಮಹಾದೇವಿಯದು ಅಂತ ಯಾರೂ ಹೇಳಿಕೊಡಬೇಕಿಲ್ಲ. ದಾಸರ ಪದಗಳಲ್ಲಿ ಹೆಳವನಕಟ್ಟೆ ಗಿರಿಯಮ್ಮನಿಗೆ ಅವಳದೇ ಅಂಕಿತ, ಹರಪನಹಳ್ಳಿ ಭೀಮವ್ವನಿಗೆ ಅವಳದೇ ಅಂಕಿತ. ಅಂಕಿತ ಹಾಡಿನ ಒಳಗೇ ಹೊಲಿದುಕೊಂಡಿರುತ್ತದೆ. ಕೀಳೋಕೆ ಹೋದರೆ ಸಾಲೇ ಹರಿದುಹೋಗುತ್ತದೆ. ಬಾಯಿಂದ ಬಾಯಿಗೆ ನೂರಾರು ವರ್ಷ ಹಾಡಿಕೊಂಡು ಬಂದರೂ ಹೆಸರು ಜೊತೆಗೇ ಬರುತ್ತದೆ. ಯುರೋಪಿನ ಶಾಸ್ತ್ರೀಯ ಸಂಗೀತದಲ್ಲಿ ಹಾಗಿಲ್ಲ. ಅಲ್ಲಿ ರಚನೆ ಮಾಡಿದವರ ಹೆಸರು ಇರೋದು ಹೊರಗೆ, ಅಚ್ಚಾದ ಪುಸ್ತಕದ ರಕ್ಷಾಪುಟದ ಮೇಲೆ. ಸ್ವರಗಳ ಒಳಗೆ ಯಾರ ಗುರುತೂ ಇಲ್ಲ. ರಕ್ಷಾಪುಟ ಬದಲಾದರೆ ಹೆಸರು ಬದಲಾಯಿತು, ಅಷ್ಟೇ. ಫ್ಯಾನಿಯ ಬದುಕಿನ ಕಥೆ ಬಹುಮಟ್ಟಿಗೆ ಈ ರಕ್ಷಾಪುಟದ ಕಥೆ.

ಫ್ಯಾನಿ ಹುಟ್ಟಿದ್ದು 1805ರ ನವೆಂಬರ್ 14ರಂದು, ಹ್ಯಾಂಬರ್ಗಿನಲ್ಲಿ. ಮಗು ಹುಟ್ಟಿದಾಗಲೇ ಅಮ್ಮ ಲೇಯಾ, ಇವಳಿಗೆ ಬಾಖ್‌ನ ಫ್ಯೂಗ್ ನುಡಿಸೋ ಬೆರಳುಗಳಿವೆ ಅಂದಳಂತೆ. ಬಾಖ್ ಅಂದರೆ ಅವರಿಗಿಂತ ಹಿಂದಿನ ಕಾಲದ ಜರ್ಮನ್ ಸಂಗೀತದ ಮಹಾಗುರು. ಫ್ಯೂಗ್ ಅಂದರೆ ಒಂದೇ ಸ್ವರದೆಳೆ ಬೇರೆ ಬೇರೆ ದನಿಗಳಲ್ಲಿ ಒಂದರ ಹಿಂದೊಂದು ಬಂದು ಹೆಣೆದುಕೊಳ್ಳುವ ರಚನೆ. ಹತ್ತು ಬೆರಳಿಗೂ ಬೇರೆ ಬೇರೆ ಬುದ್ಧಿ ಬೇಕು. ಅಜ್ಜ ಮೋಸೆಸ್ ಮೆಂಡೆಲ್ಸನ್ ಹೆಸರಾಂತ ಯಹೂದಿ ತತ್ವಜ್ಞಾನಿ. ಅಪ್ಪ ಅಬ್ರಹಾಂ ಬ್ಯಾಂಕ್ ನಡೆಸುತ್ತಿದ್ದವನು. 1811ರಲ್ಲಿ, ಹ್ಯಾಂಬರ್ಗ್ ಫ್ರೆಂಚರ ಕೈಯಲ್ಲಿದ್ದ ಕಾಲದಲ್ಲಿ, ಮನೆಯವರೆಲ್ಲ ಬರ್ಲಿನ್‌ಗೆ ಬಂದರು. 1816ರಲ್ಲಿ ಅಪ್ಪ ಅಮ್ಮ ಮಕ್ಕಳಿಗೆ ಕ್ರೈಸ್ತ ದೀಕ್ಷೆ ಕೊಡಿಸಿದರು. ಈ ಸಂಗತಿ ನೆನಪಿಡಿ. ಹೊಸದಾಗಿ ಸಮಾಜದ ಒಳಗೆ ಕಾಲಿಟ್ಟ ಕುಟುಂಬ, ಸಿಕ್ಕಾಪಟ್ಟೆ ಶ್ರೀಮಂತರು, ನಾಲ್ಕು ಜನ ಏನಂದಾರು ಅನ್ನೋದು ಇಂಥವರಿಗೆ ಉಳಿದವರಿಗಿಂತ ಜಾಸ್ತಿ ಮುಖ್ಯವಾಗಿತ್ತು.

1818ರ ಕೊನೆಯಲ್ಲಿ ಅಪ್ಪನ ಹುಟ್ಟುಹಬ್ಬ. 13 ವರ್ಷದ ಫ್ಯಾನಿ ಬಾಖ್‌ನ 24 ಪ್ರೆಲ್ಯೂಡ್‌ಗಳನ್ನು, ಅಂದರೆ ಚಿಕ್ಕ ಚಿಕ್ಕ ವಾದ್ಯರಚನೆಗಳನ್ನು, ಪುಸ್ತಕ ನೋಡದೆ ನುಡಿಸಿದಳು. ಇಪ್ಪತ್ತನಾಲ್ಕು. ಒಂದೊಂದೂ ಬೇರೆ ಬೇರೆ ಶ್ರುತಿಯಲ್ಲಿ, ಬೇರೆ ಬೇರೆ ನಡಿಗೆಯಲ್ಲಿ. ಪಿಯಾನೋ ಕಲಿಯುತ್ತಿರುವವರು ಇಲ್ಲಿದ್ದರೆ ಅದೆಂಥಾ ಕೆಲಸ ಅಂತ ಅವರಿಗೆ ಗೊತ್ತಾಗುತ್ತದೆ. ಮರುವರ್ಷ ಅದೇ ದಿನಕ್ಕೆ ಅವಳು ಕೊಟ್ಟ ಉಡುಗೊರೆ ಸ್ವಂತ ಹಾಡು, ಮೊದಲನೆಯದು. ಅಕ್ಕ ತಮ್ಮ ಇಬ್ಬರಿಗೂ ಒಂದೇ ಪಾಠ. ಪಿಯಾನೋಗೆ ಲುಡ್ವಿಗ್ ಬರ್ಗರ್, ಸಂಯೋಜನೆಗೆ ಕಾರ್ಲ್ ಫ್ರೆಡ್ರಿಕ್ ಝೆಲ್ಟರ್. ಕಲಿಕೆಯಲ್ಲಿ ಅವಳಿಗೆ ಒಂದು ಗುಲಗಂಜಿಯಷ್ಟೂ ಕಡಿಮೆ ಮಾಡಲಿಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಹೆಣ್ಣುಮಕ್ಕಳಿಗೆ ಕಲಿಸಲಿಲ್ಲ, ಅದಕ್ಕೇ ಹೆಣ್ಣು ಕಂಪೋಸರ್‌ಗಳು ಇಲ್ಲ ಅನ್ನೋ ವಿವರಣೆ ಇವಳ ಮಟ್ಟಿಗೆ ನಿಲ್ಲುವುದಿಲ್ಲ. ಕಲಿಸಿದರು. ಚೆನ್ನಾಗಿ ಕಲಿಸಿದರು. ಆಮೇಲೆ ಬಾಗಿಲು ಹಾಕಿದರು.

ಬಾಗಿಲು ಹಾಕಿದ ದಿನಾಂಕವೂ ಸಿಗುತ್ತದೆ: 1820ರ ಜುಲೈ 16. ಅವಳಿಗೆ 14 ವರ್ಷ. ಅಪ್ಪ ಪ್ಯಾರಿಸ್ಸಿನಿಂದ ಪತ್ರ ಬರೆದ. ಸಂಗೀತ ಫೆಲಿಕ್ಸನಿಗೆ ಬಹುಶಃ ವೃತ್ತಿಯಾಗಬಹುದು, ನಿನಗೆ ಅದು ಅಲಂಕಾರವಾಗಿ ಮಾತ್ರ ಇರಬಹುದು, ಇರಬೇಕು, ನಿನ್ನ ಬದುಕಿನ ತಳದ ಸ್ವರ ಎಂದೂ ಆಗಕೂಡದು ಅಂತ. ತಳದ ಸ್ವರ ಅಂತ ನಾನು ಹೇಳಿದ್ದಕ್ಕೆ ಅವನು ಬಳಸಿದ್ದು ಸಂಗೀತದ್ದೇ ಮಾತು. ಇಡೀ ರಚನೆ ಯಾವುದರ ಮೇಲೆ ನಿಲ್ಲುತ್ತದೋ ಆ ಕೆಳಗಿನ ಸ್ವರಸಾಲು. ನಮ್ಮ ಕಚೇರಿಯಲ್ಲಿ ತಂಬೂರಿ ಇರುತ್ತದಲ್ಲ, ಅದು ನಿಂತುಹೋದರೆ ಎಲ್ಲವೂ ನಿಂತ ಹಾಗೆ. ಅದನ್ನೇ ಅಪ್ಪ ಬೇಡ ಅಂದ. ಮೇಲಿನ ಗಮಕ, ಸೊಗಸು ಬೇಕಾದರೆ ಇರಲಿ ಅಂದ. ಎಂಟು ವರ್ಷ ಕಳೆದ ಮೇಲೆ, ಅವಳ 23ನೇ ಹುಟ್ಟುಹಬ್ಬಕ್ಕೆ ಬಂದ ಬುದ್ಧಿಮಾತೂ ಇದೇ ಧಾಟಿಯದು: ಹುಡುಗಿಗೆ ಇರೋದು ಒಂದೇ ಕಸುಬು, ಗೃಹಿಣಿಯಾಗೋದು, ಅದಕ್ಕೆ ತಯಾರಾಗು.

ಈ ಅಪ್ಪನ ಬಗ್ಗೆ ಎಲ್ಲರೂ ಹೇಳುವ ಒಂದು ಮಾತಿದೆ. ಮೊದಲು ನನ್ನನ್ನು ನನ್ನಪ್ಪನ ಮಗ ಅನ್ನುತ್ತಿದ್ದರು, ಈಗ ನನ್ನ ಮಗನ ಅಪ್ಪ ಅನ್ನುತ್ತಾರೆ ಅಂತ ಅವನು ಹೇಳಿಕೊಳ್ಳುತ್ತಿದ್ದನಂತೆ. ಅದನ್ನು ಓದಿದಾಗಲೆಲ್ಲ ನನಗೆ ಮಗಳ ನೆನಪಾಗುತ್ತದೆ.

ಹಾಗಂತ ಅಕ್ಕ ತಮ್ಮನ ನಡುವೆ ಹೊಟ್ಟೆಕಿಚ್ಚು ಇತ್ತು ಅಂದುಕೊಳ್ಳಬೇಡಿ. ಅವರಷ್ಟು ಹತ್ತಿರದ ಅಕ್ಕ ತಮ್ಮ ಸಿಗೋದು ಅಪರೂಪ. ಅವನಿಗೆ ಒಂದು ಸಾಲು ಹೊಳೆದರೂ ಮೊದಲು ನನಗೆ ತೋರಿಸದೆ ಕಾಗದದ ಮೇಲೆ ಇಳಿಸುವುದಿಲ್ಲ ಅಂತ ಅವಳು 1822ರಲ್ಲೇ ಬರೆದಿಟ್ಟಿದ್ದಾಳೆ. ಅವನು ಅವಳನ್ನು ಮಿನರ್ವಾ ಅನ್ನುತ್ತಿದ್ದ, ಅಂದರೆ ರೋಮನ್ನರ ವಿದ್ಯಾದೇವತೆ, ನಮ್ಮ ಸರಸ್ವತಿ ಅಂದುಕೊಳ್ಳಿ. 1829ರ ಮಾರ್ಚ್ 11ರಂದು ಬರ್ಲಿನ್ನಿನ ಸಿಂಗ್ ಅಕಾಡೆಮಿಯಲ್ಲಿ 20 ವರ್ಷದ ಫೆಲಿಕ್ಸ್ ಬಾಖ್‌ನ 'ಸೇಂಟ್ ಮ್ಯಾಥ್ಯೂ ಪ್ಯಾಶನ್', ಅಂದರೆ ಕ್ರಿಸ್ತನ ಕೊನೆಯ ದಿನಗಳ ಕಥೆಯ ಗಾಯನಕೃತಿ, ನಡೆಸಿ ಮರೆತುಹೋಗಿದ್ದ ಆ ಮಹಾಕೃತಿಗೆ ಮರುಜೀವ ಕೊಟ್ಟ ಅಂತ ಪ್ರತಿ ಸಂಗೀತದ ಇತಿಹಾಸದಲ್ಲೂ ಇದೆ. ಅವತ್ತು ಹಾಡುವವರ ಸಾಲಿನಲ್ಲಿ ಫ್ಯಾನಿಯೂ ನಿಂತಿದ್ದಳು.

ಈಗ ಆ ಆರು ಹಾಡುಗಳು. ಫೆಲಿಕ್ಸ್ ಎರಡು ಹಾಡಿನ ಪುಸ್ತಕ ಪ್ರಕಟಿಸಿದ, ಓಪಸ್ 8 ಮತ್ತು ಓಪಸ್ 9. ಓಪಸ್ ಅಂದರೆ ಕಂಪೋಸರನ ಕೃತಿಗಳಿಗೆ ಕೊಡುವ ಕ್ರಮಸಂಖ್ಯೆ. 1820ರ ದಶಕದ ಕೊನೆಗೆ ಒಂದು, 1830ರಲ್ಲಿ ಇನ್ನೊಂದು. ಒಂದೊಂದರಲ್ಲಿ ಹನ್ನೆರಡು ಹಾಡು. ಪ್ರತಿ ಪುಸ್ತಕದಲ್ಲೂ ಮೂರು ಫ್ಯಾನಿಯದು. ರಕ್ಷಾಪುಟದ ಮೇಲೆ ಅವನೊಬ್ಬನದೇ ಹೆಸರು. ಕದ್ದದ್ದು ಅಂತ ನಾನು ಹೇಳುವುದಿಲ್ಲ, ಯಾಕೆಂದರೆ ಅವಳಿಗೆ ಗೊತ್ತಿತ್ತು, ಮನೆಗೆಲ್ಲ ಗೊತ್ತಿತ್ತು. ಮನೆಯ ಹೆಣ್ಣುಮಗಳ ಹೆಸರು ಅಂಗಡಿಯಲ್ಲಿ ಮಾರಾಟಕ್ಕೆ ಹೋಗಬಾರದು, ಆದರೆ ಹಾಡು ಚೆನ್ನಾಗಿದೆ, ಹೊರಗೆ ಬರಲಿ. ಆ ಮನೆಯಲ್ಲಿ ಇದು ಇಬ್ಬರಿಗೂ ಒಳ್ಳೆಯ ದಾರಿ ಅಂತ ಕಂಡಿರಬೇಕು. ಆದರೆ ಕೇಳಿ. 1830ರಲ್ಲಿ ಜಾನ್ ಥಾಮ್ಸನ್ ಅನ್ನೋ ಸ್ಕಾಟ್ಲೆಂಡಿನ ಸಂಗೀತಗಾರ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಆ ಗುಟ್ಟು ಹೊರಗೆ ಹಾಕಿದ. ಪುಸ್ತಕದ ಅತ್ಯುತ್ತಮ ಹಾಡುಗಳಲ್ಲಿ ಮೂರು ಇವನ ಸೋದರಿಯದು, ಆ ಹೆಸರು ಹೇಳದೆ ಇರಲಾರೆ ಅಂತ. ಅದು ಅಚ್ಚಾಯಿತು. ಆದರೂ ಏನೂ ಬದಲಾಗಲಿಲ್ಲ. ಹನ್ನೆರಡು ವರ್ಷದ ಮೇಲೆ ರಾಣಿ ಫೆಲಿಕ್ಸನ ಹಾಡು ಅಂದುಕೊಂಡೇ 'ಇಟಾಲಿಯೆನ್' ಹಾಡಿದಳು. ಪತ್ರಿಕೆಯ ಒಂದು ಸಾಲಿಗಿಂತ ರಕ್ಷಾಪುಟ ಬಲವಾದದ್ದು.

ಮದುವೆಯ ವಿಷಯಕ್ಕೆ ಬರೋಣ. ವಿಲ್ಹೆಲ್ಮ್ ಹೆನ್ಸೆಲ್ ಅನ್ನೋ ಚಿತ್ರಕಾರ ಇವಳನ್ನು ಮೆಚ್ಚಿದ. ಅವನು ಐದು ವರ್ಷ ಇಟಲಿಗೆ ಹೋಗಬೇಕಿತ್ತು. ಆ ಐದು ವರ್ಷ ಇಬ್ಬರೂ ಒಬ್ಬರಿಗೊಬ್ಬರು ಪತ್ರ ಬರೆಯಕೂಡದು ಅಂತ ಅಮ್ಮ ಕಟ್ಟಪ್ಪಣೆ ಮಾಡಿದಳು. ಅವನು ಪತ್ರ ಬರೆಯಲಿಲ್ಲ, ಚಿತ್ರ ಬರೆದು ಕಳಿಸಿದ. 1829ರ ಅಕ್ಟೋಬರ್ 3ರಂದು ಮದುವೆ. ಆರ್ಗನ್ ಸಂಗೀತ ಕಳಿಸುತ್ತೇನೆ ಅಂದಿದ್ದ ಫೆಲಿಕ್ಸ್ ಲಂಡನ್ನಿನಲ್ಲಿ ಗಾಡಿಯ ಅಪಘಾತದಲ್ಲಿ ಮಂಡಿಗೆ ಪೆಟ್ಟು ಮಾಡಿಕೊಂಡು ಹಾಸಿಗೆ ಹಿಡಿದಿದ್ದ. ಸಂಗೀತ ಬರಲಿಲ್ಲ. ಆಗ ಮದುಮಗಳೇ ಕೂತು ಬರೆದಳು. ಚರ್ಚಿನ ಒಳಗೆ ನಡೆದುಬರುವಾಗ ನುಡಿಸೋದಕ್ಕೆ ಒಂದು. ಹೊರಗೆ ಹೋಗುವಾಗಿನದನ್ನು ಬರೆದದ್ದು ಮದುವೆಯ ಹಿಂದಿನ ರಾತ್ರಿ. ಮನೆಯ ತುಂಬಾ ನೆಂಟರು, ಮದುವೆ ಮನೆಯ ಗಲಾಟೆ, ಅದರ ನಡುವೆ ಒಬ್ಬಳು ಹುಡುಗಿ ಆರ್ಗನ್‌ಗೆ ಸ್ವರ ಹಾಕುತ್ತಾ ಕೂತಿದ್ದಾಳೆ. ಈ ಚಿತ್ರ ನನ್ನ ಮನಸ್ಸಿನಿಂದ ಹೋಗೋದೇ ಇಲ್ಲ.

ಗಂಡ ಒಳ್ಳೆಯವನು. ಬರಿ, ಪ್ರಕಟಿಸು ಅಂತ ಕೊನೆಯವರೆಗೂ ಹೇಳುತ್ತಲೇ ಇದ್ದ. 1830ರ ಜೂನ್‌ನಲ್ಲಿ ಮಗ ಹುಟ್ಟಿದ. ಹೆಸರು ಸೆಬಾಸ್ಟಿಯನ್ ಲುಡ್ವಿಗ್ ಫೆಲಿಕ್ಸ್. ಬಾಖ್, ಬೀಥೋವನ್, ತಮ್ಮ. ತನ್ನ ಮೂವರು ದೇವರನ್ನೂ ಒಂದೇ ಮಗುವಿಗೆ ಇಟ್ಟುಬಿಟ್ಟಳು. ಮಗು ಹುಟ್ಟಿದ ಮರುವರ್ಷ, 1831ರಲ್ಲಿ, ಗಾಯಕವೃಂದಕ್ಕೂ ವಾದ್ಯವೃಂದಕ್ಕೂ ಮೂರು ದೊಡ್ಡ ರಚನೆ ಮಾಡಿದಳು. ಅದರಲ್ಲಿ ಒಂದು, ಆ ವರ್ಷ ಬರ್ಲಿನ್ನಿಗೆ ಬಡಿದ ಕಾಲರಾದ ನೆನಪಿಗೆ. ಕೈಯಲ್ಲಿ ಕೂಸು, ಊರಲ್ಲಿ ಕಾಲರಾ, ಮೇಜಿನ ಮೇಲೆ ಇಷ್ಟೆತ್ತರ ಸ್ವರದ ಹಾಳೆ.

ಅದೇ ವರ್ಷ ಅವಳು ಇನ್ನೊಂದು ಕೆಲಸ ಶುರುಮಾಡಿದಳು. ಅವರ ಮನೆ ಲೈಪ್‌ಜಿಗರ್ ಸ್ಟ್ರಾಸೆ ಅನ್ನೋ ರಸ್ತೆಯಲ್ಲಿ 3ನೇ ನಂಬರು. ಈಗ ಜರ್ಮನಿಯ ಸಂಸತ್ತಿನ ಮೇಲ್ಮನೆ ಇರೋದು ಅದೇ ಜಾಗದಲ್ಲಿ. ಹಿಂದೆ ದೊಡ್ಡ ತೋಟ, ಹಳೆಯ ಮರಗಳು, ತೋಟಕ್ಕೆ ಬಾಗಿಲು ತೆರೆಯುವ ಒಂದು ಸಭಾಂಗಣ. ನೂರಕ್ಕೂ ಹೆಚ್ಚು ಜನ ಹಿಡಿಯುತ್ತಿದ್ದರು. ಅಲ್ಲಿ ಭಾನುವಾರದ ಸಂಗೀತ. ಹಾಡುಗಾರರನ್ನು ಸೇರಿಸೋದು, ತಾಲೀಮು ಮಾಡಿಸೋದು, ಪಿಯಾನೋ ನುಡಿಸೋದು, ವೃಂದ ನಡೆಸೋದು, ಯಾವ ವಾರ ಏನು ಅಂತ ತೀರ್ಮಾನ ಮಾಡೋದು ಎಲ್ಲ ಅವಳೇ. ಟಿಕೆಟ್ ಇಲ್ಲ, ಆಹ್ವಾನ ಇದ್ದವರಿಗೆ ಮಾತ್ರ. ಪತ್ರಿಕೆಯಲ್ಲಿ ವಿಮರ್ಶೆ ಬರುವ ಹಾಗಿಲ್ಲ. ಯಾಕೆಂದರೆ ಇದು ಕಛೇರಿ ಅಲ್ಲ, ಮನೆ. ಮನೆಯೊಳಗೆ ಹೆಣ್ಣು ಏನು ಮಾಡಿದರೂ ಮರ್ಯಾದೆಗೆ ಕುಂದಿಲ್ಲ. ಅವಳು ಆ ಒಂದು ಸಂದಿಯನ್ನೇ ಹಿಗ್ಗಿಸಿ ಹಿಗ್ಗಿಸಿ ಬರ್ಲಿನ್ನಿನ ದೊಡ್ಡ ಸಂಗೀತ ವೇದಿಕೆಗಳಲ್ಲಿ ಒಂದನ್ನು ಕಟ್ಟಿದಳು. 1844ರಲ್ಲಿ ಒಂದು ಭಾನುವಾರ ಅಂಗಳದಲ್ಲಿ 22 ಗಾಡಿಗಳು, ಒಳಗೆ ಹೆಸರಾಂತ ಪಿಯಾನೋ ವಾದಕ ಫ್ರಾಂಜ್ ಲಿಸ್ಟ್ ಮತ್ತು ಎಂಟು ಜನ ರಾಜಕುಮಾರಿಯರು ಅಂತ ತಂಗಿ ರೆಬೆಕಾಗೆ ಬರೆದಿದ್ದಾಳೆ. ಸಂಭ್ರಮದಲ್ಲಿ ಎಣಿಸಿದ್ದಾಳೆ ಅಂತ ಗೊತ್ತಾಗುತ್ತದೆ.

ಇಲ್ಲಿ ಒಂದು ದಿನವನ್ನು ಹತ್ತಿರದಿಂದ ನೋಡೋಣ. 1834ರ ಜೂನ್. ಬರ್ಲಿನ್ನಿನ ಕ್ಯೋನಿಗ್‌ಸ್ಟಾಟ್ ರಂಗಮಂದಿರದ ವಾದ್ಯವೃಂದ ಅವಳ ಮನೆಗೆ ಬಂದಿತ್ತು. ಎರಡು ವರ್ಷ ಹಿಂದೆ ಅವಳು ಪೂರ್ತಿ ವಾದ್ಯವೃಂದಕ್ಕೆ ಅಂತ ಒಂದು ಓವರ್ಚರ್, ಅಂದರೆ ಒಂದೇ ಭಾಗದ ವಾದ್ಯರಚನೆ, ಬರೆದಿದ್ದಳು. ಬರೆದು ಇಟ್ಟಿದ್ದಳು, ಕಿವಿಯಾರೆ ಕೇಳಿರಲಿಲ್ಲ. ಯೋಚನೆ ಮಾಡಿ. ಕೊಳಲು ಇಲ್ಲಿ ಬರುತ್ತದೆ, ಕಹಳೆ ಇಲ್ಲಿ ಸೇರುತ್ತದೆ, ಪಿಟೀಲುಗಳು ಇಲ್ಲಿ ಓಡುತ್ತವೆ ಅಂತ ಬರೀ ತಲೆಯೊಳಗೆ ಕೇಳಿಸಿಕೊಂಡು ಬರೆದದ್ದು. ಅವತ್ತು ನಡೆಸುವ ಕೋಲನ್ನು ಅವಳ ಕೈಗೇ ಕೊಟ್ಟರು. ಕೋಲು ಹಿಡಿದು ಗುಡುಗಿನ ದೇವರ ಹಾಗೆ ನಿಂತಿದ್ದೆ ಅಂತ ತಮ್ಮನಿಗೆ ಬರೆದಳು. ಒಂದೊಂದು ಏಟಿಗೂ ನಾಚಿಕೆಯಾಗದೆ ಇದ್ದಿದ್ದರೆ ಚೆನ್ನಾಗಿಯೇ ನಡೆಸುತ್ತಿದ್ದೆ ಅಂತಲೂ ಬರೆದಳು. ಮತ್ತೊಂದು ಮಾತು, ನನಗೆ ಇದೇ ಮುಖ್ಯ: ಎರಡು ವರ್ಷದ ಮೇಲೆ ಮೊದಲ ಸಲ ಕೇಳಿದೆ, ಹೆಚ್ಚುಕಡಿಮೆ ಎಲ್ಲವೂ ನಾನು ಅಂದುಕೊಂಡ ಹಾಗೇ ಇತ್ತು ಅಂತ. ಬೇರೆ ಕಂಪೋಸರ್‌ಗಳಿಗೆ ಇದು ವರ್ಷವರ್ಷ ಸಿಗುವ ಅನುಭವ. ಬರೆಯೋದು, ಕೇಳೋದು, ತಪ್ಪು ತಿದ್ದಿಕೊಳ್ಳೋದು, ಮತ್ತೆ ಬರೆಯೋದು. ಫೆಲಿಕ್ಸನಿಗೆ ಸಿಕ್ಕಿತು. ಇವಳು ವಾದ್ಯವೃಂದಕ್ಕೆ ಅಂತಲೇ ಬರೆದ ಓವರ್ಚರ್ ಆ ಒಂದೇ.

ಅದೇ 1834ರಲ್ಲಿ ಒಂದು ಸ್ಟ್ರಿಂಗ್ ಕ್ವಾರ್ಟೆಟ್ ಬರೆದಳು. ಎರಡು ವಯಲಿನ್, ಒಂದು ವಿಯೋಲಾ, ಒಂದು ಚೆಲ್ಲೋ. ಆ ಕಾಲದ ಕ್ವಾರ್ಟೆಟ್‌ನ ಮೊದಲ ಭಾಗಕ್ಕೆ ಒಂದು ಗಟ್ಟಿ ಚೌಕಟ್ಟು ಇರಬೇಕು ಅಂತ ರೂಢಿ. ಇವಳದು ಮೆಲ್ಲಗೆ, ಯೋಚನೆ ಮಾಡುತ್ತಾ ಶುರುವಾಗುತ್ತದೆ, ಆಲಾಪನೆಯ ಹಾಗೆ, ಯಾವ ಶ್ರುತಿಯಲ್ಲಿ ನಿಲ್ಲುತ್ತೇನೆ ಅಂತ ಬೇಗ ಹೇಳಿಕೊಡುವುದಿಲ್ಲ. ಫೆಲಿಕ್ಸನಿಗೆ ಇದು ಸರಿಬರಲಿಲ್ಲ. ರೂಪ ಅಲುಗಾಡುತ್ತದೆ ಅಂದ. ಅವಳು ಉತ್ತರ ಬರೆದಳು. ನಾವಿಬ್ಬರೂ ಬೀಥೋವನ್ನನ ಕೊನೆಗಾಲದ ಸಂಗೀತದಲ್ಲಿ ಬೆಳೆದವರು, ನೀನು ಅದನ್ನು ದಾಟಿದೆ, ನಾನು ಅಲ್ಲೇ ಉಳಿದೆ, ಉದ್ದಕ್ಕೂ ಹಿಡಿದುಕೊಂಡು ಹೋಗುವ ಬಲ ನನಗೆ ಸಾಲದು, ಹಾಡುಗಳೇ ನನಗೆ ಸರಿ, ಅನ್ನೋ ಅರ್ಥದ ಪತ್ರ. ಕ್ವಾರ್ಟೆಟ್ಟನ್ನು ಬದಲಾಯಿಸಲಿಲ್ಲ. ಇನ್ನೊಂದನ್ನು ಬರೆಯಲೂ ಇಲ್ಲ. ಆ ಮೊದಲ ಭಾಗವನ್ನು ಇವತ್ತು ಕೇಳುವಾಗ ನನಗೆ ಅನಿಸೋದು, ಅವಳು ಸರಿ, ಅವನು ತಪ್ಪು. ಇದು ನನ್ನ ಅಭಿಪ್ರಾಯ, ನೀವು ಕೇಳಿ ನೋಡಿ. ಅವಳಿಗೆ ಬೇಕಿದ್ದದ್ದು ಇನ್ನೂ ನಾಲ್ಕೈದು ಅಭಿಪ್ರಾಯ. ಇದ್ದದ್ದು ಒಂದೇ. ಪ್ರೀತಿಯ ತಮ್ಮನದು, ಹಾಗಾಗಿ ಅದರ ತೂಕ ಇನ್ನೂ ಜಾಸ್ತಿ.

ಇದನ್ನು ಅವಳೇ ಬಲ್ಲಳು. 1836ರಲ್ಲಿ ಲಂಡನ್ನಿನಲ್ಲಿದ್ದ ಮನೆಯ ಸ್ನೇಹಿತ ಕಾರ್ಲ್ ಕ್ಲಿಂಗೆಮನ್‌ಗೆ ಬರೆಯುತ್ತಾಳೆ: ಯಾರೂ ಏನೂ ಹೇಳದಿದ್ದರೆ, ಯಾರಿಗೂ ಅಕ್ಕರೆ ಇಲ್ಲದಿದ್ದರೆ, ಕ್ರಮೇಣ ಖುಷಿ ಹೋಗುತ್ತದೆ, ಜೊತೆಗೆ ನನ್ನದು ಒಳ್ಳೆಯದೋ ಕೆಟ್ಟದೋ ಅಂತ ಅಳೆಯುವ ಶಕ್ತಿಯೂ ಹೋಗುತ್ತದೆ ಅಂತ. ಎರಡು ವರ್ಷದ ಮೇಲೆ ಅವನಿಗೇ ಬರೆದ ಪತ್ರದಲ್ಲಿ ಇನ್ನೂ ಸುಸ್ತಾದ ದನಿ. ಈ ಚಳಿಗಾಲ ಏನೂ ಬರೆಯಲಿಲ್ಲ, ಬರೆದರೂ ಒಂದು ಕೋಳಿ ಕೂಗುವುದಿಲ್ಲ, ನನ್ನ ಪೀಪಿಗೆ ಯಾರೂ ಕುಣಿಯುವುದಿಲ್ಲ. ಜರ್ಮನ್ ಮಾತಿನ ಗಾದೆ ಅದು, ಆದರೆ ನಮಗೂ ನೇರವಾಗಿ ತಾಗುತ್ತದೆ.

1837ರಲ್ಲಿ ಒಂದು ಹಾಡು ಅವಳದೇ ಹೆಸರಲ್ಲಿ ಒಂದು ಸಂಗ್ರಹದಲ್ಲಿ ಅಚ್ಚಾಯಿತು. ಅಪ್ಪ ತೀರಿಹೋಗಿ ಎರಡು ವರ್ಷವಾಗಿತ್ತು. ಅಮ್ಮ ಲೇಯಾ ಫೆಲಿಕ್ಸನಿಗೆ ಬರೆದಳು, ಅವಳಿಗೆ ನೀನೊಂದು ಮಾತು ಹೇಳು, ಧೈರ್ಯ ತುಂಬು ಅಂತ. ಅವನು ಒಪ್ಪಲಿಲ್ಲ. ಅವಳು ತಾನಾಗಿ ಪ್ರಕಟಿಸಿದರೆ ಎಲ್ಲ ಸಹಾಯ ಮಾಡುತ್ತೇನೆ, ಆದರೆ ಪ್ರಕಟಿಸು ಅಂತ ನಾನು ಹೇಳಲಾರೆ, ಅವಳು ಮನೆ ನೋಡಿಕೊಳ್ಳುತ್ತಾಳೆ, ಹೆಣ್ಣು ಹೇಗಿರಬೇಕೋ ಹಾಗಿದ್ದಾಳೆ, ಅವಳಿಗೆ ಜನರ ಚಿಂತೆಯೂ ಇಲ್ಲ, ಸಂಗೀತ ಲೋಕದ ಚಿಂತೆಯೂ ಇಲ್ಲ ಅಂತ ಬರೆದ. ಚಿಂತೆ ಇಲ್ಲ ಅಂತ ಅವನು ಬರೆದದ್ದು, ಯಾರೂ ಕುಣಿಯುವುದಿಲ್ಲ ಅಂತ ಅವಳು ಬರೆದದ್ದು, ಇವೆರಡರ ನಡುವೆ ಹೆಚ್ಚೆಂದರೆ ವರ್ಷ ಒಂದೂವರೆ ವರ್ಷ. ಇದೇ ಹೊತ್ತಿನಲ್ಲಿ ಕ್ಲಾರಾ ವೀಕ್, ಮುಂದೆ ಕ್ಲಾರಾ ಷೂಮನ್ ಆದವಳು, ಊರೂರು ಸುತ್ತಿ ಪಿಯಾನೋ ನುಡಿಸುತ್ತಿದ್ದಳು, ತನ್ನ ರಚನೆಗಳನ್ನು ಪ್ರಕಟಿಸುತ್ತಿದ್ದಳು. ಅವಳಪ್ಪ ಸಂಗೀತದ ಮೇಷ್ಟ್ರು. ಮಗಳ ದುಡಿಮೆ ಆ ಮನೆಗೆ ಬೇಕಿತ್ತು. ಫ್ಯಾನಿಯ ಮನೆಗೆ ದುಡ್ಡು ಬೇಕಿರಲಿಲ್ಲ. ಶ್ರೀಮಂತಿಕೆಯೇ ಅವಳಿಗೆ ಬೇಲಿಯಾಯಿತು. ಹೊರಗಿನ ವೇದಿಕೆಯಲ್ಲಿ ಅವಳು ನುಡಿಸಿದ್ದು ತಿಳಿದಿರೋ ಮಟ್ಟಿಗೆ ಒಂದೇ ಸಲ, 1838ರಲ್ಲಿ, ಧರ್ಮಾರ್ಥದ ಕಛೇರಿಯಲ್ಲಿ. ಅವತ್ತು ನುಡಿಸಿದ್ದೂ ತಮ್ಮನ ಕನ್ಚರ್ಟೋ, ಅಂದರೆ ಪಿಯಾನೋಗೂ ವಾದ್ಯವೃಂದಕ್ಕೂ ಬರೆದ ರಚನೆ.

1839ರಲ್ಲಿ ಕೊನೆಗೂ ಇಟಲಿ. ಗಂಡ, ಮಗನ ಜೊತೆ. ಹತ್ತು ಹದಿನೈದು ವರ್ಷ ಹಿಂದೆ ಅವಳು ನೋಡದೆಯೇ ಹಾಡು ಕಟ್ಟಿದ್ದ ದೇಶ. ರೋಮಿನ ವಿಲ್ಲಾ ಮೆಡಿಚಿಯಲ್ಲಿ ಫ್ರಾನ್ಸಿನಿಂದ ಬಹುಮಾನ ಗೆದ್ದು ಬಂದ ಹುಡುಗರು ಇರುತ್ತಿದ್ದರು. ಅದರಲ್ಲಿ ಒಬ್ಬ ಚಾರ್ಲ್ಸ್ ಗೂನೋ, ಇಪ್ಪತ್ತೊಂದು ಇಪ್ಪತ್ತೆರಡರ ವಯಸ್ಸು. ಇವಳು ಬಾಖ್, ಬೀಥೋವನ್ ನುಡಿಸುತ್ತಾಳೆ, ಅವರು ಸುತ್ತ ಕೂತು ಕೇಳುತ್ತಾರೆ, ಮತ್ತೆ ನುಡಿಸಿ ಅನ್ನುತ್ತಾರೆ. ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ, ಕ್ಷಮಿಸಿ. ಬಾಖ್‌ನ ಪ್ರೆಲ್ಯೂಡ್ ಒಂದರ ಮೇಲೆ ಗೂನೋ ಕೂರಿಸಿದ 'ಆವೇ ಮರಿಯಾ' ರಾಗವನ್ನು ನೀವೆಲ್ಲ ಎಲ್ಲಾದರೂ ಕೇಳಿಯೇ ಇರುತ್ತೀರಿ. ಫ್ಯಾನಿ ಹದಿಮೂರರಲ್ಲಿ ಬಾಯಿಪಾಠ ಮಾಡಿದ್ದ ಸಂಗ್ರಹದ ಮೊದಲ ಪ್ರೆಲ್ಯೂಡ್ ಅದು. ರೋಮಿನ ಆ ಸಂಜೆಗಳಲ್ಲಿ ಗೂನೋಗೆ ಬಾಖ್‌ನನ್ನು ಹತ್ತಿರ ಮಾಡಿದವಳು ಇವಳು.

ರೋಮಿನಲ್ಲಿ ಅವಳಿಗೆ ಸಿಕ್ಕಿದ್ದು ಕೇಳುಗರು, ತಮ್ಮನಲ್ಲದ ಕೇಳುಗರು. ಅದರ ಫಲ ಮರಳಿ ಬಂದ ಮೇಲೆ, 1841ರಲ್ಲಿ. 'ದಾಸ್ ಯಾರ್', ಅಂದರೆ 'ವರ್ಷ'. ಪಿಯಾನೋಗೆ ಹನ್ನೆರಡು ರಚನೆ, ತಿಂಗಳಿಗೊಂದು, ಕೊನೆಗೆ ಒಂದು ಚಿಕ್ಕ ಹಿನ್ನುಡಿ. ನಮ್ಮಲ್ಲಿ ಬಾರಾಮಾಸ ಅಂತ ಹಾಡುಗಳಿದ್ದ ಹಾಗೆ ಅಂದುಕೊಳ್ಳಬಹುದು. ಶುಚಿಪ್ರತಿ ಮಾಡುವಾಗ ಒಂದೊಂದು ತಿಂಗಳಿಗೆ ಒಂದೊಂದು ಬಣ್ಣದ ಕಾಗದ ಆರಿಸಿದಳು. ಪ್ರತಿ ತಿಂಗಳ ತಲೆಗೆ ಒಂದು ಕವಿತೆಯ ಸಾಲು, ಅದರ ಪಕ್ಕ ಗಂಡ ಬರೆದ ಪುಟ್ಟ ಚಿತ್ರ. ಫೆಬ್ರವರಿಯಲ್ಲಿ ರೋಮಿನ ಕಾರ್ನಿವಲ್ಲಿನ ಗದ್ದಲ. ಮಾರ್ಚ್‌ನಲ್ಲಿ ಈಸ್ಟರಿನ ಹಳೆಯ ಸ್ತೋತ್ರ. ಸೆಪ್ಟೆಂಬರ್ 'ನದಿಯ ದಡದಲ್ಲಿ': ನೀರು ಎರಡೂ ಕಡೆ ಹರಿಯುತ್ತಲೇ ಇರುತ್ತದೆ, ರಾಗ ಮೇಲೆ ತೇಲುವುದಿಲ್ಲ, ನಡುವಿನಲ್ಲಿ ಮುಳುಗಿಕೊಂಡೇ ಸಾಗುತ್ತದೆ, ಹುಡುಕಿ ಕೇಳಬೇಕು. ಡಿಸೆಂಬರಿನಲ್ಲಿ ಹಿಮ ಸುರಿದ ಹಾಗೆ ಸಣ್ಣ ಸ್ವರಗಳು, ಆಮೇಲೆ ಕ್ರಿಸ್‌ಮಸ್ ಸ್ತೋತ್ರ. ಸುಮಾರು ಐವತ್ತು ನಿಮಿಷದ ಕೃತಿ. ಉದ್ದಕ್ಕೂ ಹಿಡಿದುಕೊಂಡು ಹೋಗುವ ಬಲ ನನಗೆ ಸಾಲದು ಅಂದವಳು ಬರೆದದ್ದು. ಅಚ್ಚಾದದ್ದು ಯಾವಾಗ ಗೊತ್ತಾ? 1989ರಲ್ಲಿ. ಮಹಿಳಾ ಸಂಯೋಜಕರಿಗೆ ಅಂತಲೇ ಶುರುವಾದ ಕಾಸೆಲ್ ಊರಿನ ಒಂದು ಪ್ರಕಾಶನದಿಂದ. 148 ವರ್ಷ.

1846. ಅವಳಿಗೆ ನಲವತ್ತು. ರಾಬರ್ಟ್ ಫಾನ್ ಕಾಯ್ಡೆಲ್ ಅನ್ನೋ ಯುವಕ ಮನೆಗೆ ಬರತೊಡಗಿದ. ಸಂಗೀತದ ಒಳ್ಳೆಯ ಕಿವಿ ಇದ್ದವನು. ಅವಳು ಬರೆದ ಪ್ರತಿಯೊಂದನ್ನೂ ಕುತೂಹಲದಿಂದ ನೋಡಿ ಅಭಿಪ್ರಾಯ ಹೇಳುತ್ತಿದ್ದ. ಬರ್ಲಿನ್ನಿನ ಇಬ್ಬರು ಪ್ರಕಾಶಕರು ತಾವಾಗಿಯೇ ಕೇಳಿಕೊಂಡು ಬಂದರು. ಜುಲೈ 9ರಂದು ಫೆಲಿಕ್ಸನಿಗೆ ಪತ್ರ ಬರೆದಳು. ನಲವತ್ತರಲ್ಲಿ ತಮ್ಮಂದಿರಿಗೆ ಹೆದರುತ್ತಿದ್ದೇನೆ, ಹದಿನಾಲ್ಕರಲ್ಲಿ ಅಪ್ಪನಿಗೆ ಹೆದರುತ್ತಿದ್ದ ಹಾಗೆ ಅಂತ. ಹದಿನಾಲ್ಕು ಅನ್ನೋ ಸಂಖ್ಯೆ ಗಮನಿಸಿ. ಅಪ್ಪನ ಆ ಪತ್ರ ಬಂದ ವಯಸ್ಸು. ಇಪ್ಪತ್ತಾರು ವರ್ಷ ಆದ ಮೇಲೂ ಅದು ಅವಳೊಳಗೆ ಇದ್ದೇ ಇತ್ತು. ಕೊನೆಗೆ ನೇರವಾಗಿ ಹೇಳಿಬಿಡುತ್ತಾಳೆ, ನಾನು ಪ್ರಕಟಿಸಲು ಶುರುಮಾಡಿದ್ದೇನೆ. ಅಪ್ಪಣೆ ಕೇಳಲಿಲ್ಲ. ತಿಳಿಸಿದಳು.

ಉತ್ತರಕ್ಕೆ ಒಂದು ತಿಂಗಳು ಕಾದಳು. ಆಗಸ್ಟ್ 12ರ ಪತ್ರದಲ್ಲಿ ತಮ್ಮ ಕಸುಬಿನವನಾಗಿ ಕಸುಬಿನವಳಿಗೆ ಆಶೀರ್ವಾದ ಕಳಿಸಿದ. ಅವಳ ದಿನಚರಿಯಲ್ಲಿ ಎರಡೇ ದಿನಕ್ಕೆ ಒಂದು ಬರಹ: ಒಳಗೊಳಗೆ ಅವನಿಗೆ ಇದು ಪೂರ್ತಿ ಒಪ್ಪಿಗೆ ಇಲ್ಲ ಅಂತ ನನಗೆ ಗೊತ್ತು, ಆದರೂ ಒಂದು ಒಳ್ಳೆಯ ಮಾತು ಆಡಿದನಲ್ಲ, ಸಂತೋಷ. ಓಪಸ್ 1 ಹೊರಬಂತು. ಆರು ಹಾಡುಗಳು. ಹಿಂದೆ ತಮ್ಮನ ಹೆಸರಲ್ಲಿ ಹೋದವೂ ಆರೇ ಅಲ್ವಾ, ಎಣಿಸಿದಾಗ ನನಗೆ ಮೈ ಜುಮ್ಮೆಂದಿತು. ರಕ್ಷಾಪುಟದ ಮೇಲೆ ಫ್ಯಾನಿ ಹೆನ್ಸೆಲ್ ಅನ್ನೋ ಹೆಸರು, ಜೊತೆಗೆ ತವರಿನ ಹೆಸರು. ಒಂದರ ಹಿಂದೊಂದು ಓಪಸ್ 7ರವರೆಗೆ. ಪ್ರಕಟಣೆಯ ಖುಷಿಯಿಂದ ಮನಸ್ಸು ಹಗುರಾಗಿದೆ ಅಂತ ಸ್ನೇಹಿತರಿಗೆ ಬರೆದಳು. 1847ರ ಮಾರ್ಚ್‌ನಲ್ಲಿ ಕ್ಲಾರಾ ಷೂಮನ್ ಬರ್ಲಿನ್ನಿಗೆ ಬಂದಾಗ ಇಬ್ಬರೂ ತುಂಬಾ ಹತ್ತಿರವಾದರು. ಏಪ್ರಿಲ್ 11, ತಂಗಿ ರೆಬೆಕಾಳ ಹುಟ್ಟುಹಬ್ಬ, ಅದಕ್ಕೆ ಹೊಸ ಪಿಯಾನೋ ಟ್ರಯೋ, ಪಿಯಾನೋ, ವಯಲಿನ್, ಚೆಲ್ಲೋ ಮೂರಕ್ಕೆ ಬರೆದದ್ದು.

ಮೇ 13ರಂದು ಒಂದು ಹಾಡು ಮುಗಿಸಿದಳು. 14ರ ಮಧ್ಯಾಹ್ನ ಭಾನುವಾರದ ತಾಲೀಮು. ಫೆಲಿಕ್ಸನದೇ ರಚನೆ, 'ವಾಲ್ಪುರ್ಗಿಸ್ ರಾತ್ರಿ'. ಪಿಯಾನೋ ಮುಂದೆ ಕೂತಿದ್ದಾಗ ಕೈ ಜೋಮು ಹಿಡಿಯಿತು. ಪಾರ್ಶ್ವವಾಯು. ಅವತ್ತು ರಾತ್ರಿಯೇ ಹೋಗಿಬಿಟ್ಟಳು. 41 ವರ್ಷ. ಅವಳ ಹೆಸರಿನ ಮೊದಲ ಪುಸ್ತಕ ಅಚ್ಚಾಗಿ ಒಂದು ವರ್ಷವೂ ಆಗಿರಲಿಲ್ಲ.

ಸುದ್ದಿ ಕೇಳಿ ಫೆಲಿಕ್ಸ್ ಕುಸಿದ. ಆ ಬೇಸಿಗೆಯಲ್ಲಿ ಒಂದು ಕ್ವಾರ್ಟೆಟ್ ಬರೆದ, ಓಪಸ್ 80, ಸಿಟ್ಟು ದುಃಖ ಎರಡೂ ಒಡೆದು ಹರಿಯುವಂಥದು, ಅವನ ಹಿಂದಿನ ನಯ ಅದರಲ್ಲಿಲ್ಲ. ಬರ್ಲಿನ್ನಿಗೆ ಬಂದು ಅಕ್ಕನ ಕೋಣೆ ನೋಡಿದ. ಅವಳ ಹಸ್ತಪ್ರತಿಗಳನ್ನು ಪ್ರಕಾಶಕರಿಗೆ ಒಪ್ಪಿಸುವ ಏರ್ಪಾಡು ಮಾಡಿದ. ನವೆಂಬರ್ 4ರಂದು ಅವನೂ ಹೋದ, 38 ವರ್ಷಕ್ಕೆ. ಇಬ್ಬರನ್ನೂ ಬರ್ಲಿನ್ನಿನಲ್ಲಿ ಅಕ್ಕಪಕ್ಕದಲ್ಲೇ ಮಣ್ಣು ಮಾಡಿದ್ದಾರೆ. ಅವನು ಏರ್ಪಾಡು ಮಾಡಿದ್ದು 1850ರಲ್ಲಿ ಓಪಸ್ 8ರಿಂದ 11ರವರೆಗೆ ಅಚ್ಚಾಯಿತು. ಆಮೇಲೆ ನೂರು ವರ್ಷಕ್ಕೂ ಜಾಸ್ತಿ ಹೆಚ್ಚುಕಡಿಮೆ ಮೌನ. ಬರೆದದ್ದು 450ಕ್ಕೂ ಹೆಚ್ಚು ರಚನೆ, ಅರ್ಧಕ್ಕಿಂತ ಜಾಸ್ತಿ ಹಾಡುಗಳು.

ಇನ್ನೊಂದು ಕಥೆ ಹೇಳಲೇಬೇಕು. ಅವಳ ದಿನಚರಿಯಲ್ಲಿ 'ಈಸ್ಟರ್ ಸೊನಾಟಾ' ಅಂತ ಒಂದು ಹೆಸರು ಬರುತ್ತದೆ, ಪಿಯಾನೋಗೆ ಹಲವು ಭಾಗಗಳ ರಚನೆ, 1828ರಲ್ಲಿ ಬರೆದದ್ದು. ಕಳೆದುಹೋಗಿದೆ ಅಂತಲೇ ಎಲ್ಲರ ನಂಬಿಕೆ. 1970ರಲ್ಲಿ ಪ್ಯಾರಿಸ್ಸಿನಲ್ಲಿ ಒಂದು ಹಸ್ತಪ್ರತಿ ಸಿಕ್ಕಿತು. ಮೇಲೆ ಎಫ್. ಮೆಂಡೆಲ್ಸನ್ ಅಂತ ಹೆಸರು. ಎಫ್ ಅಂದರೆ ಯಾರು? ಫೆಲಿಕ್ಸೇ ಅಂದುಕೊಂಡರು, 1972ರಲ್ಲಿ ಅವನ ಹೆಸರಲ್ಲೇ ಧ್ವನಿಮುದ್ರಣವೂ ಬಂತು. ಮತ್ತೆ ಅದೇ ರಕ್ಷಾಪುಟ, ಈ ಸಲ ಬರೀ ಒಂದಕ್ಷರ. 2010ರಲ್ಲಿ ಆಂಜೆಲಾ ಮೇಸ್ ಅನ್ನೋ ಅಮೆರಿಕದ ಸಂಶೋಧಕಿ ಪ್ಯಾರಿಸ್ಸಿಗೆ ಹೋಗಿ ಆ ಹಾಳೆಗಳನ್ನು ಕಣ್ಣಾರೆ ನೋಡಿದಳು. ಕೈಬರಹ ಫ್ಯಾನಿಯದು. ಪುಟಸಂಖ್ಯೆ ನೋಡಿದಳು. ಬರ್ಲಿನ್ನಿನಲ್ಲಿದ್ದ ಫ್ಯಾನಿಯ ಒಂದು ಪುಸ್ತಕದಿಂದ ಕೆಲವು ಪುಟ ಕಾಣೆಯಾಗಿದ್ದವು. ಕಾಣೆಯಾದ ಸಂಖ್ಯೆಗಳು ಇವೇ. 2012ರ ಸೆಪ್ಟೆಂಬರಿನಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಆಂಡ್ರಿಯಾ ಲ್ಯಾಮ್ ಅದನ್ನು ಮೊದಲ ಬಾರಿಗೆ ಫ್ಯಾನಿಯ ಹೆಸರಲ್ಲಿ ನುಡಿಸಿದಳು. 2017ರ ಮಹಿಳಾ ದಿನದಂದು ಲಂಡನ್ನಿನಿಂದ ಬಿಬಿಸಿ ರೇಡಿಯೋದಲ್ಲಿ ಬಂತು. ಒಂದು ಹಾಳೆಯ ಮೂಲೆಯಲ್ಲಿದ್ದ ಅಂಕಿ ಅವಳ ಅಂಕಿತವಾಯಿತು.

ಇನ್ನು ನಾನು ಮಾತು ನಿಲ್ಲಿಸಿ ಟ್ರಯೋ ಹಾಕುತ್ತೇನೆ, ತಂಗಿಯ ಹುಟ್ಟುಹಬ್ಬಕ್ಕೆ ಬರೆದದ್ದು. ಶುರುವಿನಲ್ಲಿ ಪಿಯಾನೋ ಕೆಳಸ್ಥಾಯಿಯಲ್ಲಿ ಕುದಿಯುತ್ತಿರುತ್ತದೆ, ಅದರ ಮೇಲೆ ವಯಲಿನ್, ಚೆಲ್ಲೋ ಎರಡೂ ಸೇರಿ ಒಂದೇ ರಾಗ ಎತ್ತುತ್ತವೆ. ಆಗ ಮೇಲಿನ ರಾಗ ಬಿಟ್ಟು ಪಿಯಾನೋದ ಕೆಳಗಿನ ಸ್ವರಗಳಿಗೆ ಕಿವಿ ಕೊಡಿ.